ಬಂಗಡೆಯ ಬಾಲ ಬಿದ್ದ ಮೇಲೆ

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ರಾತ್ರಿಯಿಡೀ ಬೀಸಿದ ಗಾಳಿ ಇನ್ನೂ ಪೂರ್ತಿ ಇಳಿದಿರಲಿಲ್ಲ; ನಮ್ಮೂರ ದಕ್ಕೆಯ ಪಕ್ಕದಲ್ಲಿ ನಿಲ್ಲಿಸಿದ್ದ, ಬಂಗಡೆ ಮೀನಿನ ಆಕಾರದ ಕಬ್ಬಿಣದ ಶಿಲ್ಪದ ಬಾಲ ಕಳಚಿ ಬಿದ್ದಿದೆ ಎಂದು ಮಕ್ಕಳು ಬಂದು ಹೇಳಿದರು. ಹೋಗಿ ನೋಡಿದರೆ ಬಾಲ ಚಿರೇಕಲ್ಲಿನ ಕಟ್ಟೆಯ ಮೇಲೆ ಮಗುಚಿ ಬಿದ್ದಿತ್ತು. ವೆಲ್ಡಿಂಗ್ ಮಾಡಿದ್ದ ಜಾಗದಲ್ಲಿ ತುಕ್ಕು ಪದರಪದರವಾಗಿ ಎದ್ದಿತ್ತು. ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಮೀನುಗಾರಿಕೆ ನಿಷೇಧದ ಅವಧಿ ಮುಗಿದು ದೋಣಿಗಳು ಆಗಷ್ಟೇ ನೀರಿಗಿಳಿಯುತ್ತಿದ್ದ ದಿನಗಳವು. ಅದೇ ಬಾಲ ಹಗಲು ಹೊತ್ತು ಬಿದ್ದಿದ್ದರೆ ಅದರ ಕೆಳಗೆ ಬಲೆ ಬಿಡಿಸುತ್ತ ಕೂರುವವರ ಗತಿ ಏನಾಗುತ್ತಿತ್ತು ಎಂಬ ಯೋಚನೆ ಆ ದಿನವಿಡೀ ನನ್ನನ್ನು ಬಿಡಲಿಲ್ಲ. ಆ ಬಂಗಡೆಯನ್ನು ಊರಿಗೆ ತರಲು ಓಡಾಡಿದವರಲ್ಲಿ ನಾನೂ ಒಬ್ಬಳು.

ನಮ್ಮದು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ದಂಡೆಯ ಮೇಲಿನ ಸಣ್ಣ ಊರು. ಹಾಲಕ್ಕಿಗಳು, ಅಂಬಿಗರು, ಹರಿಕಂತ್ರರು, ನಾಮಧಾರಿಗಳು, ಕೆಲವು ಮುಸ್ಲಿಂ ಮತ್ತು ಕ್ರೈಸ್ತ ಮನೆಗಳು. ಮಾತು ಕನ್ನಡ ಮತ್ತು ಕೊಂಕಣಿ. ಇಳಿತದ ಹೊತ್ತಿಗೆ ಹೆಂಗಸರು ಕೆಸರಿಗಿಳಿದು ಬಳಚು ಎಂಬ ಚಿಪ್ಪಿಜೀವಿಯನ್ನು ಆರಿಸುತ್ತಾರೆ; ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಈಗಲೂ ಅಲ್ಲಲ್ಲಿ ಉಳಿದಿದೆ. ಈ ಅಳಿವೆಯನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿಸಿದರು. ನಾನು ಇಲ್ಲಿಯ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು; ಊರಿನವರಿಗೆ ಈಗಲೂ ‘ಅಕ್ಕೋರು’. ಕರಾವಳಿಯ ಹಳ್ಳಿಗಳಲ್ಲಿ ಸಾರ್ವಜನಿಕ ಕಲಾಕೃತಿಗಳನ್ನು ನಿಲ್ಲಿಸಲು ಹಣ ಕೊಡುತ್ತೇವೆಂದು ದೂರದ ನಗರದ ಸಂಸ್ಥೆಯೊಂದು ಬಂದಾಗ, ಅವರನ್ನು ಪಂಚಾಯಿತಿಗೆ ಕರೆದುಕೊಂಡು ಹೋದವಳು ನಾನೇ. ನಮ್ಮ ಮಕ್ಕಳು ದೊಡ್ಡ ಶಿಲ್ಪ ನೋಡಬೇಕಾದರೆ ಕಾರವಾರದ ಕಡಲತೀರಕ್ಕೋ ಮುರ್ಡೇಶ್ವರಕ್ಕೋ ಪ್ರವಾಸ ಹೋಗಬೇಕಿತ್ತು. ದಿನಾ ಓಡಾಡುವ ದಾರಿಯಲ್ಲಿಯೇ, ಟಿಕೆಟ್ಟಿಲ್ಲದೆ, ಮುಟ್ಟಿ ನೋಡುವಂಥದ್ದು ಒಂದಿರಲಿ ಎಂಬುದು ನನ್ನ ಬಹುಕಾಲದ ಆಸೆಯಾಗಿತ್ತು.

ಜಾಗ ಗೊತ್ತುಮಾಡುವುದೇ ಮೊದಲ ತೊಡಕಾಯಿತು. ಬಸ್ಸು ತಿರುಗುವ ಕೂಡುರಸ್ತೆಯಲ್ಲಿ ಇಡೋಣವೆಂದು ಕೆಲವರು ಹೇಳಿದರು. ಆದರೆ ಸಾರ್ವಜನಿಕ ರಸ್ತೆ, ಪಾದಚಾರಿ ದಾರಿಗಳಲ್ಲಿ ಪ್ರತಿಮೆ ಅಥವಾ ಕಟ್ಟಡಕ್ಕೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಎಲ್ಲ ರಾಜ್ಯಗಳಿಗೂ ಆದೇಶ ಕೊಟ್ಟಿರುವುದರಿಂದ ಆ ಮಾತು ಅಲ್ಲಿಗೇ ನಿಂತಿತು. ದಂಡೆಯ ಮೇಲೆ ಇಡಬೇಕೆಂದರೆ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ಸಮುದ್ರದಂಡೆಯಲ್ಲಿ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೂ, ಉಬ್ಬರವಿಳಿತ ಮುಟ್ಟುವ ಅಳಿವೆಯ ದಡಗಳಲ್ಲಿಯೂ ಅವು ಅನ್ವಯಿಸುತ್ತವೆ. ಕೊನೆಗೆ ದಕ್ಕೆಯ ಹತ್ತಿರ ಪಂಚಾಯಿತಿಯದೇ ಆದ, ಮೊದಲೇ ಕಟ್ಟೆ ಕಟ್ಟಿದ್ದ ಜಾಗ ಸಿಕ್ಕಿತು, ಕಾಗದಪತ್ರಗಳೂ ಆದವು. 14 ಅಡಿ ಉದ್ದದ ಬಂಗಡೆ, ಕಂಬಿಗಳಿಂದ ಹೆಣೆದ ಟೊಳ್ಳು ಹೊಟ್ಟೆ, ದಂಡೆಯಲ್ಲಿ ಸಿಕ್ಕ ಪ್ಲಾಸ್ಟಿಕ್ ಬಾಟಲಿಗಳನ್ನು ಅದರೊಳಗೆ ಹಾಕಲು ಬಾಯಿಯ ಬಳಿ ಕಿಂಡಿ. ದೂರದ ವರ್ಕ್‌ಶಾಪಿನಲ್ಲಿ ತಯಾರಾಗಿ ಲಾರಿಯಲ್ಲಿ ಬಂತು.

ಮೊದಲ ವರ್ಷ ಅದು ಊರಿಗೆ ನಿಜವಾಗಿ ಸಂತೋಷ ಕೊಟ್ಟಿತು, ಅದನ್ನು ನಾನು ಇಲ್ಲಿ ಹೇಳಲೇಬೇಕು. ಎಲ್ಲಿ ಸಿಗುತ್ತೀರಿ ಎಂದು ಕೇಳಿದರೆ ಜನ ‘ಬಂಗಡೆ ಹತ್ರ’ ಎನ್ನತೊಡಗಿದರು. ಶಾಲೆ ಬಿಟ್ಟ ಮಕ್ಕಳು ಬಾಟಲಿ ಆರಿಸಿ ತಂದು ಅದರ ಹೊಟ್ಟೆ ತುಂಬಿಸಿದರು, ಸಂಜೆ ಅದರ ನೆರಳಿನಲ್ಲಿ ಇಸ್ಪೀಟಿನವರೂ ಕೂತರು, ಬಲೆಯವರೂ ಕೂತರು. ಹೊರಗಿನಿಂದ ಬಂದ ವಸ್ತುವೊಂದು ಅಷ್ಟು ಬೇಗ ಊರಿನ ಮಾತಿನೊಳಗೆ ಸೇರಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೆಟ್ಟದ್ದು ಏಕೆ ಎಂಬುದನ್ನು ಆಮೇಲೆ ಬಲ್ಲವರಿಂದ ಕೇಳಿ ತಿಳಿದುಕೊಂಡೆ. ಕಡಲಗಾಳಿ ಹೊತ್ತು ತರುವ ಉಪ್ಪು ಕಬ್ಬಿಣದ ಮೇಲೆ ಕೂತು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ತೇವ ಆರದ ಕಡೆ ತುಕ್ಕು ನಿಲ್ಲುವುದಿಲ್ಲ. ಸತುವಿನ ಲೇಪ ಕೊಟ್ಟ ಕಂಬಿಗಳನ್ನೇ ಬಳಸಿದ್ದರಾದರೂ ವೆಲ್ಡಿಂಗ್ ಶಾಖಕ್ಕೆ ಜೋಡಣೆಯ ಜಾಗಗಳಲ್ಲಿ ಆ ಲೇಪ ಸುಟ್ಟುಹೋಗಿತ್ತು, ಅದರ ಮೇಲೆ ಬಳಿದದ್ದು ಬರೀ ಬಣ್ಣ. ಹೊಟ್ಟೆಯೊಳಗಿನ ಬಾಟಲಿಗಳಲ್ಲಿ ಒದ್ದೆ ಮರಳು, ಉಪ್ಪುನೀರು ಇದ್ದುದರಿಂದ ಹೊರಗಿಗಿಂತ ಒಳಗೇ ಹೆಚ್ಚು ತಿಂದಿತ್ತು. ಸ್ಟೇನ್‌ಲೆಸ್ ಸ್ಟೀಲ್ ಬಳಸಬಹುದಿತ್ತಲ್ಲ ಎಂದು ಕೇಳಿದೆ. ಸಾಮಾನ್ಯವಾಗಿ ಸಿಗುವ 304 ದರ್ಜೆಯದಕ್ಕೂ ಕಡಲಂಚಿನಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತದೆ, ಮಾಲಿಬ್ಡಿನಮ್ ಬೆರೆತ 316 ದರ್ಜೆಯದು ತಾಳುತ್ತದೆ, ಅದರ ಬೆಲೆ ಬೇರೆ ಎಂದರು. ಸಿಮೆಂಟಿನ ಪ್ರತಿಮೆಗೂ ಇದೇ ಪಾಡು: ಒಳಗಿನ ಸರಳಿಗೆ ಉಪ್ಪು ತಲುಪಿದರೆ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡಿ ಉಬ್ಬುತ್ತದೆ, ಮೇಲಿನ ಸಿಮೆಂಟು ಸೀಳುತ್ತದೆ. ಹಣ ಕೊಟ್ಟ ಸಂಸ್ಥೆಗೆ ನಾವು ಪತ್ರ ಬರೆದಾಗ, ಅವರ ಯೋಜನೆ ಉದ್ಘಾಟನೆಯೊಂದಿಗೆ ಮುಗಿದಿದೆ, ದುರಸ್ತಿಗೆ ಹಣ ಒದಗಿಸಲು ಬರುವುದಿಲ್ಲ ಎಂಬ ಉತ್ತರ ಬಂತು. ಆ ಉತ್ತರ ನನಗೆ ನೋವುಂಟುಮಾಡಿತು. ಆದರೆ ನಮ್ಮ ಒಪ್ಪಂದದ ಕಾಗದವನ್ನು ಮತ್ತೆ ತೆಗೆದು ಓದಿದಾಗ, ಅದರಲ್ಲಿ ದುರಸ್ತಿ ಎಂಬ ಶಬ್ದವೇ ಇರಲಿಲ್ಲ.

ಗ್ರಾಮಸಭೆಯ ದಿನದ ನನ್ನ ಟಿಪ್ಪಣಿ ಪುಸ್ತಕವನ್ನೂ ತೆಗೆದು ನೋಡಿದೆ. ಅಲ್ಲಿ, ಸ್ವಸಹಾಯ ಸಂಘದ ಹೆಣ್ಣುಮಗಳೊಬ್ಬಳು ಎದ್ದು ಕೇಳಿದ ಪ್ರಶ್ನೆಯನ್ನು ನಾನೇ ಬರೆದುಕೊಂಡಿದ್ದೆ: “ದೋಣಿಗೆ ವರ್ಷಕ್ಕೊಂದು ಸಲ ಮೇಲೆಳೆದು ಎಣ್ಣೆ ಹಚ್ಚೂದಿಲ್ವಾ ಅಕ್ಕೋರೇ, ಇದಕ್ಕೆ ಯಾರು ಹಚ್ಚೂದು?” ಅದರ ಕೆಳಗೆ ಉತ್ತರಕ್ಕೆಂದು ಬಿಟ್ಟ ಎರಡು ಸಾಲುಗಳು ಖಾಲಿಯಾಗಿಯೇ ಇದ್ದವು. ಅಂದು ಯಾರೂ ಉತ್ತರ ಕೊಟ್ಟಿರಲಿಲ್ಲ. ಊಟದ ಹೊತ್ತಾಗಿತ್ತೆಂದು ಸಭೆ ಮುಂದಿನ ವಿಷಯಕ್ಕೆ ಹೋಗಿತ್ತು. ಆ ಖಾಲಿ ಸಾಲುಗಳೇ ನನ್ನನ್ನು ಮುಂದಿನ ಎರಡು ವರ್ಷ ನಡೆಸಿದವು.

ಇಂಥ ಕಲಾಕೃತಿಗಳಿಗೆ ಕನ್ನಡದಲ್ಲಿ ‘ಪ್ರತಿಷ್ಠಾಪನಾ ಕಲೆ’ ಎಂಬ ಹೆಸರು ಬಳಕೆಯಲ್ಲಿದೆ. ನಾವು ಈ ಶಬ್ದವನ್ನು ಅದರ ಪೂರ್ತಿ ಅರ್ಥದಲ್ಲಿ ತೆಗೆದುಕೊಂಡಿದ್ದರೆ ಬಂಗಡೆಗೆ ಆ ಗತಿ ಬರುತ್ತಿರಲಿಲ್ಲವೇನೋ. ನಮ್ಮಲ್ಲಿ ಯಾವುದನ್ನೇ ಪ್ರತಿಷ್ಠಾಪಿಸಿದರೂ ಅದರ ಹಿಂದೆಯೇ ದಿನದ ಪೂಜೆ ಯಾರದು, ದೀಪಕ್ಕೆ ಎಣ್ಣೆ ಯಾರ ಮನೆಯದು, ವಿಸರ್ಜನೆ ಎಂದು ಎಂಬುದು ನಿಶ್ಚಯವಾಗಿಬಿಡುತ್ತದೆ. ಚೌತಿಯ ಮಣ್ಣಿನ ಗಣಪತಿ ಕೂರುವ ದಿನವೇ ಅವನು ಏಳುವ ದಿನವೂ ಗೊತ್ತಿರುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೇರಿಗೆ ಬೇಕಾದ ಮರ ಕಡಿಯುವುದಕ್ಕೂ ಒಂದು ಶಾಸ್ತ್ರವಿದೆ, ಒಂದು ದಿನವಿದೆ. ಜಾತ್ರೆ ನಡೆಯುವ ಬಿಡಕಿಬೈಲಿನಲ್ಲಿ ಲಕ್ಷಗಟ್ಟಲೆ ಜನ ನೋಡುವಂತೆ ಎದ್ದುನಿಂತದ್ದೆಲ್ಲ ಜಾತ್ರೆ ಮುಗಿದೊಡನೆ ಇಳಿಯುತ್ತದೆ, ಮಾತಂಗಿ ಚಪ್ಪರವನ್ನಂತೂ ಸುಟ್ಟೇಬಿಡುತ್ತಾರೆ. ಸುಗ್ಗಿ ಕುಣಿತದ ಹಾಲಕ್ಕಿಗಳ ತಲೆಯ ಮೇಲಿನ ಬೆಂಡಿನ ತುರಾಯಿಯೂ ಹಾಗೆಯೇ: ಅಷ್ಟು ನಯವಾದ, ಅಷ್ಟು ಬೇಗ ಹಾಳಾಗುವ ಹೂಗಳ ಆ ಗೋಪುರ ಸುಗ್ಗಿ ಬಂದಾಗ ಮತ್ತೆ ಅಣಿಯಾಗುತ್ತದೆ. ಶೇಡಿ ಎಂಬ ಬಿಳಿ ಮಣ್ಣು, ಕೆಮ್ಮಣ್ಣುಗಳಿಂದ ಗೋಡೆಯ ಮೇಲೆ ಬರೆದ ಚಿತ್ತಾರ ಮಳೆಗಾಲಕ್ಕೆ ಮಾಸುತ್ತದೆ, ಹಬ್ಬಕ್ಕೆ ಮನೆಯ ಹೆಂಗಸರು ಅದನ್ನು ಮತ್ತೆ ಬರೆಯುತ್ತಾರೆ. ಮಳೆ ಮತ್ತು ಉಪ್ಪು ಇಷ್ಟು ಜೋರಾಗಿರುವ ಈ ಸೀಮೆಯಲ್ಲಿ, ನಮ್ಮ ಹಿರಿಯರು ಊರಿಗೆಲ್ಲ ಸೇರಿದ ಚೆಲುವನ್ನು ವರ್ಷವರ್ಷವೂ ಮತ್ತೆ ಮಾಡುವ ಕೆಲಸವಾಗಿಯೇ ಇಟ್ಟುಕೊಂಡಿದ್ದರು. ನಾವು ಅದನ್ನು ಮರೆತು, ಒಮ್ಮೆ ನಿಲ್ಲಿಸಿದರೆ ಶಾಶ್ವತ ಎಂದು ನಂಬಿದೆವು.

ಕಡಲಿನ ಎದುರು ಕಬ್ಬಿಣ ನಿಲ್ಲಿಸಲೇಬಾರದು ಎಂದು ಇದರ ಅರ್ಥವಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ಹತ್ತಿರದ ಕ್ರಾಸ್ಬಿ ಕಡಲತೀರದಲ್ಲಿ ಶಿಲ್ಪಿ ಆಂಟನಿ ಗಾರ್ಮ್ಲಿ 2005ರಲ್ಲಿ 100 ಎರಕದ ಕಬ್ಬಿಣದ ಮನುಷ್ಯಾಕೃತಿಗಳನ್ನು ನಿಲ್ಲಿಸಿದರು; ಒಂದೊಂದೂ ಸುಮಾರು 650 ಕಿಲೋ ತೂಕದ್ದು. ಉಬ್ಬರಕ್ಕೆ ಅವು ಮುಳುಗುತ್ತವೆ, ಇಳಿತಕ್ಕೆ ಏಳುತ್ತವೆ, ಮೈಮೇಲೆ ಚಿಪ್ಪಿಜೀವಿಗಳು ಕಚ್ಚಿಕೊಂಡಿವೆ. ಅಲ್ಲಿ ತುಕ್ಕು ಕೃತಿಯದೇ ಒಂದು ಭಾಗ. ಗಟ್ಟಿ ಎರಕವಾದ್ದರಿಂದ ಅದು ಮೇಲಿನಿಂದಷ್ಟೇ ನಿಧಾನವಾಗಿ ಸವೆಯುತ್ತದೆ. ಅವನ್ನು ಅಲ್ಲಿಯೇ ಉಳಿಸಬೇಕೋ ತೆಗೆಯಬೇಕೋ ಎಂಬ ವಾದ ನಡೆದು, ಉಳಿಯಲಿ ಎಂಬ ತೀರ್ಮಾನ ಆದದ್ದು 2007ರಲ್ಲಿ. ಇದಕ್ಕೆ ಎದುರಾದ ಉದಾಹರಣೆ ನ್ಯೂಯಾರ್ಕಿನದು. ಶಿಲ್ಪಿ ರಿಚರ್ಡ್ ಸೆರಾ 1981ರಲ್ಲಿ ಸರ್ಕಾರಿ ಕಚೇರಿಗಳ ಅಂಗಳಕ್ಕೆ ಅಡ್ಡಲಾಗಿ ನಿಲ್ಲಿಸಿದ 120 ಅಡಿ ಉದ್ದದ ಉಕ್ಕಿನ ಗೋಡೆಯನ್ನು, ಅಲ್ಲಿ ದಿನಾ ಓಡಾಡುವವರ ವಿರೋಧದಿಂದಾಗಿ 1989ರಲ್ಲಿ ಕಡಿದು ತೆಗೆದರು. ನಮ್ಮ ಹತ್ತಿರದ್ದೇ ಬೇಕೆಂದರೆ, ಶಿಗ್ಗಾವಿ ತಾಲ್ಲೂಕಿನ ಗೋಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಕಟ್ಟಿದ, ಹಳ್ಳಿಯ ಬದುಕಿನ ಶಿಲ್ಪಗಳ ಉತ್ಸವ ರಾಕ್ ಗಾರ್ಡನ್ ಇದೆ. ಬಯಲುಸೀಮೆಯ ಹಳ್ಳಿಯ ಜನ ಅಲ್ಲಿ ತಮ್ಮದೇ ಕಣ, ತಮ್ಮದೇ ಎತ್ತು, ತಮ್ಮದೇ ಕಟ್ಟೆಯನ್ನು ಗುರುತಿಸಿ ನಗುವುದನ್ನು ನಾನು ನಿಂತು ನೋಡಿದ್ದೇನೆ.

ಎರಡನೆಯ ಸಲ ನಾವು ವಸ್ತುವಿನಿಂದ ಶುರುಮಾಡಲಿಲ್ಲ. ಕೆಟ್ಟರೆ ಊರಿನವರೇ ಸರಿಪಡಿಸಲು ಬರುವಂಥದ್ದು ಏನಿದೆ ಎಂದು ಹುಡುಕಿದೆವು, ಹುಡುಕಿದಾಗ ಕಾವಿ ಕಲೆ ಎದುರಿಗೇ ಇತ್ತು. ಗೋವೆಯಿಂದ ನಮ್ಮ ಜಿಲ್ಲೆಯವರೆಗೆ ಹಳೆಯ ದೇವಸ್ಥಾನ, ಮಠ, ಮನೆಗಳ ಗೋಡೆಗಳಲ್ಲಿ ಕಾಣುವ ಬಿಳಿ–ಕೆಂಪಿನ ಚಿತ್ರಗಳಿವು. ಶಿರಸಿ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿ ಇಂದಿಗೂ ನೋಡಬಹುದು. ಹೊನ್ನಾವರದಲ್ಲಿ ಹುಟ್ಟಿದ ಡಾ. ಕೃಷ್ಣಾನಂದ ಕಾಮತರು ಇವುಗಳ ಬೆನ್ನು ಹತ್ತಿ ಫೋಟೊ ತೆಗೆದು, ಬರೆದು ದಾಖಲಿಸಿದ್ದರಿಂದಲೇ ನನ್ನ ತಲೆಮಾರಿನ ಎಷ್ಟೋ ಮಂದಿಗೆ ಇದು ಕಲೆಯೆಂದು ತಿಳಿಯಿತು. ಅದಕ್ಕೆ ಮೊದಲು ಜೀರ್ಣೋದ್ಧಾರದ ಹೆಸರಿನಲ್ಲಿ ಇವುಗಳ ಮೇಲೆ ಸಿಮೆಂಟು, ಆಯಿಲ್ ಪೇಂಟು, ಟೈಲ್ಸುಗಳು ಏರಿದ್ದಕ್ಕೆ ಲೆಕ್ಕವಿಲ್ಲ.

ಕಾವಿಯ ಮೂಲ ಸಾಮಗ್ರಿ ನಮ್ಮ ನದಿಯ ತಳದಲ್ಲಿಯೇ ಇದೆ. ಚಿಪ್ಪಿಯನ್ನು ಸುಟ್ಟರೆ ಸುಣ್ಣ. ಅದನ್ನು ನೀರಿನಲ್ಲಿ ಅರಳಿಸಿ, ತೊಳೆದ ಹೊಳೆಮರಳು ಮತ್ತು ಬೆಲ್ಲದ ನೀರು ಸೇರಿಸಿ, ಕೆಲವು ದಿನ ಕೊಳೆಯಲು ಬಿಟ್ಟು, ಚೆನ್ನಾಗಿ ಕುಟ್ಟಿ ಗಾರೆ ಮಾಡುತ್ತಾರೆ. ಗೋಡೆಗೆ ಈ ಬಿಳಿ ಗಾರೆಯನ್ನು ಬಳಿದು, ಅದು ಹಸಿಯಿರುವಾಗಲೇ ಹುರುಮಂಜು ಎಂಬ ಕೆಂಪು ಮಣ್ಣಿನ ಬಣ್ಣದ ತೆಳುವಾದ ಪದರ ಕೊಟ್ಟು ನಯಗೊಳಿಸಿ, ಉಕ್ಕಿನ ಮೊನೆಯಿಂದ ಕೆಂಪನ್ನು ಕೆರೆದು ತೆಗೆದರೆ ಕೆಳಗಿನ ಬಿಳಿ ಚಿತ್ರವಾಗಿ ಕಾಣುತ್ತದೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ನಿಧಾನವಾಗಿ ಮತ್ತೆ ಕಲ್ಲಾಗುವುದರಿಂದ ಬಣ್ಣ ಅದರೊಳಗೇ ಕೂತುಬಿಡುತ್ತದೆ. ನದಿಯ ಚಿಪ್ಪಿ ಸುಣ್ಣವಾಗಿ, ಸುಣ್ಣ ಗೋಡೆಯ ಮೇಲೆ ಮತ್ತೆ ಚಿಪ್ಪಿಯಷ್ಟೇ ಗಟ್ಟಿಯಾಗುವ ಈ ಸುತ್ತು ನನಗೆ ಎಷ್ಟು ಸಲ ನೆನೆದರೂ ಸಾಕಾಗುವುದಿಲ್ಲ.

ಆರಿಸಿದ್ದು ಬಸ್ ತಂಗುದಾಣದ ಒಳಗೋಡೆಯನ್ನು: 18 ಅಡಿ ಉದ್ದ, 6 ಅಡಿ ಎತ್ತರ, ಚಿರೇಕಲ್ಲಿನದು, ಮೇಲೆ ಹೆಂಚಿನ ಮಾಡು ಮುಂದಕ್ಕೆ ಚಾಚಿರುವುದರಿಂದ ಇರಚಲು ನೇರವಾಗಿ ಬಡಿಯುವುದಿಲ್ಲ. ಅಲ್ಲಿ ಕೂತು ಬಸ್ಸು ಕಾಯದವರು ನಮ್ಮೂರಲ್ಲಿ ಯಾರೂ ಇಲ್ಲ. ಹಳೆಯ ಸಿಮೆಂಟನ್ನು ಪೂರ್ತಿ ಕೆತ್ತಿ ತೆಗೆಯುವುದಕ್ಕೇ ಹತ್ತು ದಿನ ಹಿಡಿಯಿತು, ಏಕೆಂದರೆ ಅದರ ಮೇಲೆ ಸುಣ್ಣದ ಗಾರೆ ಸರಿಯಾಗಿ ಕಚ್ಚುವುದಿಲ್ಲ. ಕಾವಿ ಬಲ್ಲ ಕಲಾವಿದರೊಬ್ಬರು ಬಂದು ನಮ್ಮಲ್ಲಿಯೇ ಉಳಿದರು. ಚಿತ್ರವನ್ನು ತಾವೇ ಬರೆದುಕೊಟ್ಟು ಹೋಗಬಾರದು, ಊರಿನ ಆರು ಜನರಿಗೆ ಗಾರೆಯಿಂದ ಹಿಡಿದು ಕೆರೆಯುವವರೆಗೆ ಕಲಿಸಿ ಹೋಗಬೇಕು ಎಂಬ ಷರತ್ತನ್ನು ಅವರು ಸಂತೋಷದಿಂದ ಒಪ್ಪಿದ್ದರು. ಆ ಆರು ಜನರಲ್ಲಿ ಒಬ್ಬ ಗಾರೆ ಕೆಲಸದವನು, ಇಬ್ಬರು ಬಳಚು ಆರಿಸುವ ಹೆಂಗಸರು, ಒಬ್ಬ ಕಾಲೇಜು ಹುಡುಗ, ಒಬ್ಬಳು ಟೈಲರ್, ಮತ್ತು ನಾನು.

ಮೊದಲು ಮಾಡಿದ ತುಂಡು ಕೆಟ್ಟಿತು. ನಾಲ್ಕನೆಯ ದಿನ ಬೆಳಿಗ್ಗೆ ಕೆಂಪು ಮೈಮೇಲೆ ಸಾಸಿವೆಯಷ್ಟು ಗುಳ್ಳೆಗಳು ಕಂಡವು, ಸಂಜೆಯ ಹೊತ್ತಿಗೆ ಒಂದೊಂದಾಗಿ ಸಿಡಿದು, ಪ್ರತಿ ಗುಳಿಯ ನಡುವೆ ಒಂದು ಬಿಳಿ ಹರಳು ಉಳಿಯಿತು. ಸುಣ್ಣ ಪೂರ್ತಿ ಅರಳಿರಲಿಲ್ಲ. ಅರಳದೆ ಉಳಿದ ಹರಳುಗಳು ಗಾರೆಯೊಳಗೆ ಸೇರಿ, ತಡವಾಗಿ ತೇವ ಹೀರಿ ಉಬ್ಬಿದ್ದವು. ಗಾರೆಯವನು ತನ್ನ ಅಜ್ಜ ಸುಣ್ಣವನ್ನು ಹೊಂಡದಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡುತ್ತಿದ್ದುದನ್ನು ಆಗ ನೆನಪಿಸಿಕೊಂಡ. ನಾವೂ ಹಾಗೆಯೇ ಹೊಂಡ ತೋಡಿ, ಸುಣ್ಣ ಮುಳುಗಿಸಿ, ಸೀರೆಯ ಬಟ್ಟೆಯಲ್ಲಿ ಸೋಸಿ, ಕೆಲಸವನ್ನು ಒಂದೂವರೆ ತಿಂಗಳು ಮುಂದೆ ಹಾಕಿದೆವು. ಊರಿಗೆ ಈ ಕಾಯುವಿಕೆ ಬೇಸರವಾಗಲಿಲ್ಲ. ದಿನಾ ಯಾರಾದರೊಬ್ಬರು ಬಂದು ಹೊಂಡ ಇಣುಕಿ ಹೋಗುತ್ತಿದ್ದರು.

ಏನು ಬರೆಯಬೇಕು ಎಂಬುದರ ಮೇಲೆ ನಡೆದ ಮಾತುಕತೆ ಇದಕ್ಕಿಂತ ಕಠಿಣವಾಗಿತ್ತು. ಕಾವಿಯೆಂದರೆ ದೇವರ ಚಿತ್ರವೇ ಆಗಬೇಕೆಂದು ಕೆಲವರು ಹೇಳಿದರೆ, ದೋಣಿ ಮಾಲೀಕರೊಬ್ಬರು ಮೆಲ್ಲಗೆ, “ಹಾಗಾದ್ರೆ ನಮ್ಮ ಮನೆಯವ್ರು ಅಲ್ಲಿ ಕೂತ್ರೆ ಸರಿಯಾಗ್ತದಾ ಅಕ್ಕೋರೇ?” ಎಂದು ಕೇಳಿದರು. ಆ ಮಾತಿನಲ್ಲಿ ಕೋಪವಿರಲಿಲ್ಲ, ನಿಜವಾದ ಸಂಕೋಚವಿತ್ತು. ಬಸ್ಸು ಕಾಯುವ ಜಾಗದಲ್ಲಿ ಯಾರಿಗೂ ಆ ಸಂಕೋಚ ಬರಬಾರದು ಎಂದು ನಾನು ಪಟ್ಟು ಹಿಡಿದೆ, ಮೂರು ಸಭೆಗಳಾದ ಮೇಲೆ ಉಳಿದವರೂ ಒಪ್ಪಿದರು. ಅಂಚಿಗೆ ಹಳೆಯ ಕಾವಿಯ ಬಳ್ಳಿ, ಚೌಕುಳಿಗಳು. ಒಳಗೆ 3 ಅಡಿ ಅಗಲದ ಆರು ಚೌಕಟ್ಟುಗಳು, ಅವುಗಳಲ್ಲಿ ಅಳಿವೆಯಲ್ಲಿ ಇರುವಂಥವು: ಕಾಂಡ್ಲ ಗಿಡದ ಬೇರು, ಏಡಿ, ನೋಗಲಿ ಮೀನು, ಬಳಚು ಆರಿಸುವ ಕೈಗಳು, ಗಜನಿಯ ಒಡ್ಡಿನ ಮೇಲೆ ಕೂತ ಬೆಳ್ಳಕ್ಕಿ. ಆರನೆಯದನ್ನು ಕೆಂಪಾಗಿಯೇ ಬಿಟ್ಟೆವು. ಏಡಿಯ ಚೌಕಟ್ಟನ್ನು ಕೆರೆಯುತ್ತಿದ್ದ ಟೈಲರ್ ಹುಡುಗಿಯ ಬೆನ್ನಿಗೆ ನಿಂತು, ಮೀನು ಮಾರಿ ಬಂದ ಅಜ್ಜಿಯೊಬ್ಬರು ಬುಟ್ಟಿ ಇಳಿಸದೆಯೇ ಕಾಲುಗಳನ್ನು ಎಣಿಸಿದರು, ಹಿಂದಿನ ಜೋಡಿ ಚಪ್ಪಟೆ ಇರಬೇಕು, ಇಲ್ಲದಿದ್ದರೆ ಅದು ಈಜುವ ಏಡಿಯಾಗುವುದಿಲ್ಲ ಎಂದರು. ಗಾರೆ ಇನ್ನೂ ಹಸಿಯಿತ್ತು, ಅಲ್ಲಿಯೇ ತಿದ್ದಿದೆವು.

ಈ ಸಲದ ಒಪ್ಪಂದದ ಕಾಗದವನ್ನು ನಾವೇ ಬರೆದೆವು. ಊರಿನಲ್ಲಿ ಮತ್ತು ಹೊರಗೆ ಕೂಡಿಸಿದ ಹಣದಲ್ಲಿ ನಾಲ್ಕರಲ್ಲಿ ಒಂದು ಪಾಲನ್ನು ಮುಟ್ಟದೆ ಬೇರೆ ಖಾತೆಯಲ್ಲಿ ಇಟ್ಟಿದ್ದೇವೆ. ಸುಣ್ಣ ಎಲ್ಲಿಯದು, ಮರಳು ಎಷ್ಟು ಸಲ ತೊಳೆದದ್ದು, ಬೆಲ್ಲ ಎಷ್ಟು, ಹುರುಮಂಜಿನ ಅಳತೆ ಏನು ಎಂಬುದನ್ನೆಲ್ಲ ಬರೆದ ಒಂದು ಪ್ರತಿ ಪಂಚಾಯಿತಿಯಲ್ಲಿದೆ, ಇನ್ನೊಂದು ಶಾಲೆಯಲ್ಲಿದೆ. ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಗೋಡೆಯನ್ನು ಒರೆಸಿ ನೋಡಿ, ಹೆಚ್ಚು ಸವೆದ ಒಂದೇ ಒಂದು ಚೌಕಟ್ಟನ್ನು ಕೆರೆದು ತೆಗೆದು ಹೊಸದಾಗಿ ಬರೆಯಬೇಕು. ಬರೆಯುವವರಲ್ಲಿ ಒಬ್ಬರಾದರೂ ಹಿಂದೆಂದೂ ಬರೆಯದವರಿರಬೇಕು. ನಿಮ್ಮೂರಿನಲ್ಲಿ ಇಂಥದೇನಾದರೂ ಮಾಡುವ ಯೋಚನೆ ಇದ್ದರೆ ಈ ಕಾಗದದ ಪ್ರತಿಯನ್ನು ಸಂತೋಷದಿಂದ ಕೊಡುತ್ತೇವೆ. ಚಿತ್ರದ ವಿನ್ಯಾಸಕ್ಕಿಂತ ಮೊದಲು ಕೇಳಬೇಕಾದದ್ದು ಕೆಟ್ಟರೆ ಸರಿಪಡಿಸುವವರು ಯಾರು ಎಂಬುದನ್ನೇ ಎಂದು ನಾನು ಈಗ ಖಚಿತವಾಗಿ ನಂಬಿದ್ದೇನೆ.

ಬಂಗಡೆಯ ಉಳಿದ ಭಾಗವನ್ನು ಬಿಚ್ಚಿ ಗುಜರಿಗೆ ಕೊಟ್ಟದ್ದಾಯಿತು. ಆ ಹಣವೂ ಅದೇ ಖಾತೆಯಲ್ಲಿದೆ. ಕಟ್ಟೆ ಹಾಗೆಯೇ ಇದೆ, ಬಲೆಯವರು ಅಲ್ಲಿ ಕೂರುತ್ತಾರೆ, ಜನ ಆ ಜಾಗವನ್ನು ಇಂದಿಗೂ ‘ಬಂಗಡೆ ಹತ್ರ’ ಎಂದೇ ಕರೆಯುತ್ತಾರೆ.

ಈ ವರ್ಷ ಖಾಲಿ ಬಿಟ್ಟಿದ್ದ ಆರನೆಯ ಚೌಕಟ್ಟಿನ ಸರದಿ. ಕಗ್ಗದ ತೆನೆ ಬರೆಯಬೇಕೆಂದು ಗಜನಿಯವರು ಕೇಳಿದ್ದಾರೆ, ನೆರೆನೀರಿನಲ್ಲಿ ನಿಂತ ಭತ್ತದ ಎತ್ತರ ತೋರಿಸಲು 6 ಅಡಿ ಸಾಕಾಗುತ್ತದೆಯೇ ಎಂಬ ಚರ್ಚೆ ನಡೆದಿದೆ. ದಸರೆಯ ಮರುದಿನವೇ ಸುಣ್ಣವನ್ನು ಹೊಂಡಕ್ಕೆ ಹಾಕಿ ಮೇಲೆ ತೆಂಗಿನ ಮಡಲು ಮುಚ್ಚಿದ್ದೇವೆ. ನಿನ್ನೆ ಮಡಲು ಸರಿಸಿ ಕೋಲಿನಿಂದ ಕಲಕಿ ನೋಡಿದೆ. ಬೆಣ್ಣೆಯಂತಾಗುತ್ತಿದೆ, ಆದರೆ ತಳದಲ್ಲಿ ಇನ್ನೂ ಹರಳು ತಾಗುತ್ತದೆ. ಇನ್ನು ಮೂರು ವಾರ ಬೇಕು.